ಎರಡು ಹೆಗಲಿನ ಹೊರೆ: ಪರ್ಲ್ ಸ್ಟ್ರೀಟಿನಿಂದ ಸರ್ವರಿನವರೆಗೆ

ಕೆಲವು ವರ್ಷಗಳ ಹಿಂದಿನ ಮಾತು. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುವ ಕೊನೆಯ ದಿನ. ನಮ್ಮ ಶಾಲೆಯ ಒಂಬತ್ತು ಮಕ್ಕಳ ಅರ್ಜಿ ಇನ್ನೂ ಉಳಿದಿತ್ತು. ಮುಂಜಾನೆಯಿಂದ ಸೈಬರ್ ಕೆಫೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು... ತಿರುಗುತ್ತಲೇ ಇತ್ತು. ಸಂಜೆ ಕೆಫೆಯ ಹುಡುಗ ಕೈ ಚೆಲ್ಲಿದ, "ಸರ್ವರ್ ಡೌನ್ ಆಗ್ಯದ್ರೀ ಸರ್, ಇವತ್ತು ಆಗೂದಿಲ್ಲ." ಹೊರಗೆ ಇಬ್ಬರು ತಾಯಂದಿರು ಹೊಲದ ಕೂಲಿ ಬಿಟ್ಟು ಬಂದು ಕೂತಿದ್ದರು. ಅವರಿಗೆ ಏನಂತ ಹೇಳುವುದು? ಪುಣ್ಯಕ್ಕೆ ಎರಡು ದಿನದ ಮೇಲೆ ಅವಧಿ ಮುಂದಕ್ಕೆ ಹೋಯಿತು, ಒಂಬತ್ತೂ ಅರ್ಜಿ ಮುಟ್ಟಿದವು. ಆಮೇಲೆ ಕಿವಿಗೆ ಬಿದ್ದ ಸುದ್ದಿ ಎಂದರೆ, ಅಲ್ಲಿ ಸರ್ವರಿನ ಕರೆಂಟಿನದೇ ಏನೋ ತೊಂದರೆಯಾಗಿತ್ತಂತೆ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಲೋಡ್ ಶೆಡ್ಡಿಂಗ್ ನಮಗೆ ಹೊಸದಲ್ಲ. ಆದರೆ ಲಕ್ಷಾಂತರ ಮಕ್ಕಳ ಅರ್ಜಿ ಹಿಡಿದಿಟ್ಟುಕೊಳ್ಳುವ ಯಂತ್ರವೂ ನಮ್ಮ ಶಾಲೆಯ ಟ್ಯೂಬ್‌ಲೈಟಿನಂತೆ ಆರಿಹೋಗಬಹುದೇ?

ಉತ್ತರ ಸಿಕ್ಕಿದ್ದು ಪುಣೆಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಹಳೆಯ ಸರ್ವರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯಲ್ಲಿದ್ದಾನೆ. ಮೇಜಿನ ಮೇಲೆ ಚಪ್ಪಟೆಯ ಒಂದು ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಹಿಂಬದಿಗೆ ಎರಡು ಕರೆಂಟಿನ ವಾಯರ್, ಎರಡು ಹಸಿರು ದೀಪ.

"ಸರ್, ಒಂದು ವಾಯರ್ ಕಿತ್ತು ನೋಡ್ರಿ" ಅಂದ.

"ಬ್ಯಾಡಪಾ, ಏನರೆ ಆದೀತು."

"ಏನೂ ಆಗೂದಿಲ್ರೀ, ಕೀಳ್ರಿ."

ಕಿತ್ತೆ. ಒಂದು ಹಸಿರು ದೀಪ ಆರಿತು. ಇನ್ನೊಂದರ ಫ್ಯಾನಿನ ಸದ್ದು ತುಸು ಏರಿತು. ಅಷ್ಟೇ! ಪರದೆಯ ಮೇಲೆ ಕೆಲಸ ಹಾಗೆಯೇ ನಡೆದಿತ್ತು. "ಮೊದಲು ಎರಡೂ ಅರ್ಧರ್ಧ ಹೊತ್ತಿದ್ವು ಸರ್. ಈಗ ಇದು ಒಂದೇ ಪೂರ್ತಿ ಹೊತ್ತದ" ಅಂದ.

ಈ ಅರ್ಧರ್ಧ ಎಂಬ ಮಾತು ನನ್ನನ್ನು ಹಿಡಿಯಿತು. ನಾನು ಇತಿಹಾಸದ ಬಿ.ಎ., ವೋಲ್ಟು ಆಂಪಿಯರು ನನ್ನ ವಿಷಯವಲ್ಲ. ಆದರೆ ಪ್ರತಿಯೊಂದು ವಸ್ತುವಿಗೂ ಒಂದು ಇತಿಹಾಸ ಇದ್ದೇ ಇರುತ್ತದಲ್ಲ! ಎರಡು ವಿದ್ಯುತ್ ಯಂತ್ರಗಳು ಒಂದೇ ಹೊರೆಯನ್ನು ಹಂಚಿಕೊಂಡು ಹೊರಲು ಯಾವಾಗ ಕಲಿತವು? ಯಾರು ಕಲಿಸಿದರು? ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಎಡಿಸನ್ನರ ಜಗಳಗಂಟಿ ಯಂತ್ರಗಳು

ಕಥೆ ಶುರುವಾಗುವುದು 1882ರ ನ್ಯೂಯಾರ್ಕಿನಲ್ಲಿ. ಥಾಮಸ್ ಆಲ್ವಾ ಎಡಿಸನ್ ಮ್ಯಾನ್‌ಹಟನ್‌ನ ಪರ್ಲ್ ಸ್ಟ್ರೀಟ್ ಎಂಬ ಬೀದಿಯಲ್ಲಿ ವಿದ್ಯುತ್ ಕೇಂದ್ರ ಕಟ್ಟಿಸುತ್ತಿದ್ದರು. ಉಗಿ ಎಂಜಿನ್ನಿನಿಂದ ತಿರುಗುವ ಅಲ್ಲಿಯ ಡೈನಮೋಗಳಿಗೆ "ಜಂಬೋ" ಎಂದು ಹೆಸರು. ಆ ಕಾಲದಲ್ಲಿ ಪ್ರಸಿದ್ಧವಾಗಿದ್ದ ಸರ್ಕಸ್ ಆನೆಯ ಹೆಸರದು. ಒಂದೊಂದರ ತೂಕ ಸುಮಾರು 27 ಟನ್. ಒಂದು ಜಂಬೋ ಸುಮಾರು 1200 ದೀಪ ಉರಿಸಬಲ್ಲದು. ದೀಪ ಹೆಚ್ಚಾದಂತೆ ಎರಡು, ಮೂರು ಜಂಬೋಗಳನ್ನು ಒಂದೇ ತಂತಿಗೆ ಜೋಡಿಸಬೇಕಲ್ಲ?

ಉದ್ಘಾಟನೆಗೆ ಮುಂಚೆ ಎರಡನ್ನು ಜೋಡಿಸಿ ನೋಡಿದರು. ಆಗ ನಡೆದದ್ದನ್ನು ಎಡಿಸನ್ ಮುಂದೆ ಬಹಳ ಕಾಲ ನೆನೆಸಿಕೊಳ್ಳುತ್ತಿದ್ದರು. ಒಂದು ಎಂಜಿನ್ನು ಓಡತೊಡಗಿದರೆ ಇನ್ನೊಂದು ನಿಲ್ಲುವ ಹಾಗಾಗುತ್ತಿತ್ತು. ಮರುಕ್ಷಣ ಅದು ಓಡಿ ಇದು ನಿಲ್ಲುತ್ತಿತ್ತು. ಮಕ್ಕಳ ಏರಿಳಿ ಹಲಗೆಯ ಆಟದಂತೆ! ಕಟ್ಟಡವೆಲ್ಲ ನಡುಗಿ, ಒಳಗಿದ್ದವರು ಓಡಿಹೋದರಂತೆ.

ಕಾರಣ ಇಷ್ಟೇ. ಉಗಿ ಎಂಜಿನ್ನಿಗೆ "ಗವರ್ನರ್" ಎಂಬ ಉಪಕರಣ ಇರುತ್ತದೆ. ವೇಗ ಕಡಿಮೆಯಾದರೆ ಉಗಿ ಹೆಚ್ಚು ಬಿಡುವುದು, ವೇಗ ಹೆಚ್ಚಾದರೆ ಉಗಿ ತಡೆಯುವುದು ಅದರ ಕೆಲಸ. ಎರಡು ಯಂತ್ರಗಳಲ್ಲಿ ಒಂದರ ವೇಗ ಕೂದಲೆಳೆಯಷ್ಟು ಹೆಚ್ಚಿದ್ದರೂ ಅದರ ವೋಲ್ಟೇಜ್ ಹೆಚ್ಚಾಗಿ ಹೊರೆಯೆಲ್ಲ ಅದರ ಮೇಲೆಯೇ ಬೀಳುತ್ತದೆ. ಅಷ್ಟೇ ಅಲ್ಲ, ಅದರ ಕರೆಂಟು ಇನ್ನೊಂದು ಡೈನಮೋದೊಳಗೆ ನುಗ್ಗಿ ಅದನ್ನೇ ಮೋಟಾರಿನಂತೆ ತಿರುಗಿಸುತ್ತದೆ! ಹಂಚಿಕೊಳ್ಳಬೇಕಾದವನು ತಾನೇ ಹೊರೆಯಾದ ಹಾಗೆ. ಭಾರಕ್ಕೆ ಒಂದು ಎಂಜಿನ್ನು ಕುಸಿದರೆ ಇನ್ನೊಂದು ಮೇಲೇಳುವುದು, ಅದು ಕುಸಿದರೆ ಇದು ಮೇಲೇಳುವುದು.

ಎಡಿಸನ್ ಎರಡೂ ಗವರ್ನರುಗಳನ್ನು ಒಂದು ದಂಡದಿಂದ ಜೋಡಿಸಿ ನೋಡಿದರು. ದಂಡವೇ ತಿರುಚಿಕೊಂಡಿತು. ಇನ್ನಷ್ಟು ಗಟ್ಟಿ ದಂಡ ಹಾಕಿದರು. ಕೊನೆಗೆ ಎಂಜಿನ್ನುಗಳನ್ನೇ ಬದಲಿಸಿ ಬೇರೆ ಕಂಪನಿಯವನ್ನು ತರಿಸಬೇಕಾಯಿತು. 1882ರ ಸೆಪ್ಟೆಂಬರ್ 4ರಂದು ಪರ್ಲ್ ಸ್ಟ್ರೀಟ್ ಕೇಂದ್ರ ಶುರುವಾದಾಗ ಓಡಿದ್ದು ಒಂದೇ ಒಂದು ಜಂಬೋ. ಪ್ರಪಂಚಕ್ಕೆ ದೀಪ ಕೊಟ್ಟ ಎಡಿಸನ್ನರಿಗೂ ಇಬ್ಬರನ್ನು ಹೊಂದಿಸಿಕೊಂಡು ಹೋಗುವುದು ಅಷ್ಟು ಸುಲಭವಾಗಲಿಲ್ಲ ನೋಡಿ.

ಬಾಗುವವನೇ ಹಂಚಿಕೊಳ್ಳುವವನು

ಎಡಿಸನ್ನರದು ಡಿ.ಸಿ. ಕರೆಂಟು. ಎ.ಸಿ. ಯಂತ್ರಗಳನ್ನು ಜೋಡಿಸಬಹುದೇ ಎಂಬ ವಾದ ಇಂಗ್ಲೆಂಡಿನಲ್ಲಿ ನಡೆದಿತ್ತು. ಜಾನ್ ಹಾಪ್ಕಿನ್ಸನ್ ಎಂಬ ಎಂಜಿನಿಯರು ಲೆಕ್ಕ ಹಾಕಿ, ಜೋಡಿಸಬಹುದು, ಅವು ಒಂದನ್ನೊಂದು ತಾಳದಲ್ಲಿ ಹಿಡಿದಿಟ್ಟುಕೊಳ್ಳುತ್ತವೆ ಎಂದರು. 1884ರಲ್ಲಿ ಅದನ್ನು ಸೌತ್ ಫೋರ್‌ಲ್ಯಾಂಡ್ ಎಂಬಲ್ಲಿಯ ದೀಪಸ್ತಂಭದ ಯಂತ್ರಗಳ ಮೇಲೆ ಪ್ರಯೋಗ ಮಾಡಿಯೂ ತೋರಿಸಿದರು. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವೇ ಇಲ್ಲಿ ಎಂಜಿನಿಯರುಗಳಿಗೂ ದಾರಿ ತೋರಿತು.

ತಾಳವೇನೋ ಕೂಡಿತು. ಆದರೆ ಯಾರು ಎಷ್ಟು ಹೊರಬೇಕು? ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯಕ್ಕೆ "ಡ್ರೂಪ್" ಎನ್ನುತ್ತಾರೆ, ಅಂದರೆ ಬಾಗುವುದು. ಗವರ್ನರು ಹಟ ಹಿಡಿದು ಒಂದೇ ವೇಗಕ್ಕೆ ಅಂಟಿಕೊಳ್ಳಬಾರದು. ಹೊರೆ ಬಿದ್ದಂತೆ ತುಸು ವೇಗ ಇಳಿಸಿಕೊಳ್ಳಬೇಕು. ಖಾಲಿ ಓಡುವಾಗಿನ ವೇಗಕ್ಕಿಂತ ಪೂರ್ತಿ ಹೊರೆಯಲ್ಲಿ ಶೇ. 4-5ರಷ್ಟು ಕಡಿಮೆ ಎಂದಿಟ್ಟುಕೊಳ್ಳಿ. ಹೆಚ್ಚು ಹೊತ್ತವನು ಸ್ವಲ್ಪ ಬಾಗುತ್ತಾನೆ. ಅವನು ಬಾಗಿದ ಕೂಡಲೇ ಉಳಿದ ಹೊರೆ ಪಕ್ಕದವನ ಕಡೆ ಹೊರಳುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದ ಬಾಗು ಇದ್ದರೆ ಹೊರೆ ತಾನಾಗಿಯೇ ಅವರವರ ಶಕ್ತಿಗೆ ತಕ್ಕಂತೆ ಹಂಚಿಹೋಗುತ್ತದೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ನಮ್ಮ ಕನ್ನಡ ನಾಡಿನಲ್ಲಿ ಈ ಕಲೆ 1902ರಲ್ಲೇ ಬಂದಿತ್ತು ಎಂಬುದು ಹೆಮ್ಮೆಯ ವಿಷಯ. ಆ ವರ್ಷ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಅಲ್ಲಿದ್ದದ್ದು ಒಂದು ದೊಡ್ಡ ಯಂತ್ರವಲ್ಲ, 720 ಕಿಲೋವ್ಯಾಟಿನ ಆರು ಯಂತ್ರಗಳು. ಆಳದ ಗಣಿಯಲ್ಲಿ ಜನ ಕೆಲಸ ಮಾಡುವಾಗ ಕರೆಂಟು ನಿಂತರೆ ಗತಿಯೇನು? ಯಂತ್ರಗಳು ಹಲವು ಇದ್ದರೆ ಒಂದು ಕೆಟ್ಟಾಗ ಉಳಿದವು ಹೊರುತ್ತವೆ. ಯಾಕೆ ಒಂದರ ಬದಲು ಹಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕಂಪ್ಯೂಟರಿನ ಹೊಟ್ಟೆಯೊಳಗೆ

ಇದೇ ಪಾಠ ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಬಂತು. ಊರಲ್ಲಿ ಕರೆಂಟು ಹೋದರೂ ಲ್ಯಾಂಡ್‌ಲೈನ್ ಫೋನು ಕೆಲಸ ಮಾಡುತ್ತಿದ್ದದ್ದು ನಿಮಗೆ ನೆನಪಿದೆಯಲ್ಲ? ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿಗಳ ಸಾಲು, ಅವುಗಳಿಗೆ ಕರೆಂಟು ತುಂಬುವ ರೆಕ್ಟಿಫೈಯರುಗಳು. ನಾಲ್ಕು ರೆಕ್ಟಿಫೈಯರು ಬೇಕಾದ ಕಡೆ ಐದನ್ನು ಇಡುವುದು. ಇದಕ್ಕೆ "ಎನ್ ಪ್ಲಸ್ ಒನ್" ಎಂಬ ಹೆಸರು ಬಂದಿದೆ. ಬೇಕಾದಷ್ಟು, ಮೇಲೆ ಒಂದು. ಮದುವೆ ಅಡುಗೆಗೆ ನಾವು ಎಣಿಕೆಗಿಂತ ಹೆಚ್ಚು ಅಕ್ಕಿ ಹಾಕುವುದಿಲ್ಲವೇ, ಹಾಗೆ.

ಕಂಪ್ಯೂಟರುಗಳಲ್ಲಿ ಇದನ್ನು ಪಟ್ಟು ಹಿಡಿದು ಮಾಡಿದವರಲ್ಲಿ ಮುಖ್ಯವಾದದ್ದು ಅಮೆರಿಕದ ಟ್ಯಾಂಡೆಮ್ ಕಂಪನಿ. ಜಿಮ್ಮಿ ಟ್ರೇಬಿಗ್ ಎಂಬುವರು 1974ರಲ್ಲಿ ಇದನ್ನು ಕಟ್ಟಿದರು. ಬ್ಯಾಂಕಿನ ಲೆಕ್ಕ ನಡುವೆ ನಿಲ್ಲಬಾರದು ಎಂಬುದೇ ಅವರ ವ್ಯಾಪಾರ. 1976ರಲ್ಲಿ ಹೊರಬಂದ ಅವರ "ನಾನ್‌ಸ್ಟಾಪ್" ಯಂತ್ರದಲ್ಲಿ ಪ್ರತಿ ಪ್ರೊಸೆಸರಿಗೂ ಬೇರೆ ಪವರ್ ಸಪ್ಲೈ. ಡಿಸ್ಕು ಮುಂತಾದವನ್ನು ನಡೆಸುವ ಕಂಟ್ರೋಲರುಗಳಿಗೆ ಎರಡೆರಡು ಕಡೆಯಿಂದ ಕರೆಂಟು. ಟ್ಯಾಂಡೆಮ್ ಎಂದರೆ ಇಂಗ್ಲಿಷಿನಲ್ಲಿ ಇಬ್ಬರು ತುಳಿಯುವ ಸೈಕಲ್ಲು!

1990ರ ದಶಕದಲ್ಲಿ ಈ ವ್ಯವಸ್ಥೆ ಸಾಮಾನ್ಯ ಸರ್ವರುಗಳಿಗೂ ಇಳಿಯಿತು. ಇವತ್ತು ಪುಣೆಯ ಹುಡುಗನ ಮೇಜಿನ ಮೇಲಿದ್ದಂಥ ಪೆಟ್ಟಿಗೆಯಲ್ಲಿ ಆಗುವುದೇನು? ಗೋಡೆಯ 230 ವೋಲ್ಟ್ ಎ.ಸಿ.ಯನ್ನು ಎರಡು ಪವರ್ ಸಪ್ಲೈಗಳು 12 ವೋಲ್ಟ್ ಡಿ.ಸಿ. ಮಾಡಿ ಒಂದೇ ತಾಮ್ರದ ಪಟ್ಟಿಗೆ ಸುರಿಯುತ್ತವೆ. ಇಲ್ಲಿ ಎದುರಾಗುವುದು ಎಡಿಸನ್ನರ ಹಳೆಯ ಸಮಸ್ಯೆಯೇ. ಒಂದರ ವೋಲ್ಟೇಜ್ 12.20, ಇನ್ನೊಂದರದ್ದು 12.17 ಇದೆ ಎನ್ನಿ. ಎರಡೂ ಹಟಮಾರಿಗಳಾದರೆ 12.20ರದ್ದೇ ಎಲ್ಲ ಹೊರುತ್ತದೆ, ಇನ್ನೊಂದು ಸುಮ್ಮನೆ ಕೂರುತ್ತದೆ.

ಇದಕ್ಕೆ ಎರಡು ಮದ್ದು. ಮೊದಲನೆಯದು ಹಳೆಯ ಡ್ರೂಪ್. ಪ್ರತಿ 10 ಆಂಪಿಯರಿಗೆ 0.06 ವೋಲ್ಟ್ ಬಾಗುವಂತೆ ಎರಡನ್ನೂ ತಯಾರಿಸಿದರೆ, 50 ಆಂಪಿಯರಿನ ಹೊರೆಯಲ್ಲಿ ಒಂದು 27.5, ಇನ್ನೊಂದು 22.5 ಆಂಪಿಯರ್ ಹೊರುತ್ತದೆ. ಏಳನೆಯ ತರಗತಿಯ ಮಕ್ಕಳ ಕೈಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ. ಎರಡೂ 12.035 ವೋಲ್ಟಿನಲ್ಲಿ ಬಂದು ಕೂಡುತ್ತವೆ. ಪೂರ್ತಿ ಸಮ ಅಲ್ಲ, ಆದರೆ ನ್ಯಾಯವಾದ ಪಾಲು.

ಎರಡನೆಯದು ಮಾತನಾಡಿಕೊಳ್ಳುವುದು. ಪವರ್ ಸಪ್ಲೈಗಳ ನಡುವೆ "ಶೇರ್ ಬಸ್" ಎಂಬ ಸಣ್ಣ ತಂತಿ ಇರುತ್ತದೆ. ತಾನು ಎಷ್ಟು ಹೊತ್ತಿದ್ದೇನೆ ಎಂದು ಅದರ ಮೇಲೆ ಗೊತ್ತಾಗುತ್ತದೆ. ಯುನಿಟ್ರೋಡ್ ಎಂಬ ಅಮೆರಿಕದ ಕಂಪನಿಯ ಯುಸಿ 3907 ಎಂಬ ಚಿಪ್ಪು ಇದಕ್ಕೆಂದೇ ಬಂದಿತು. ಇದರ ಕ್ರಮ ಚೆನ್ನಾಗಿದೆ. ಯಾರು ಅತಿ ಹೆಚ್ಚು ಹೊತ್ತಿದ್ದಾರೋ ಅವರೇ ಮೇಸ್ತ್ರಿ. ಉಳಿದವರು ಅವರನ್ನು ನೋಡಿ ತಮ್ಮ ವೋಲ್ಟೇಜನ್ನು ತುಸು ಏರಿಸಿಕೊಂಡು ಸಮಕ್ಕೆ ಬರುತ್ತಾರೆ. ಮೇಸ್ತ್ರಿ ಕೆಟ್ಟುಹೋದರೆ? ಉಳಿದವರಲ್ಲಿ ಹೆಚ್ಚು ಹೊತ್ತವರು ತಾವಾಗಿಯೇ ಮೇಸ್ತ್ರಿಯಾಗುತ್ತಾರೆ. ನೇಮಕಾತಿ ಆದೇಶಕ್ಕೆ ಕಾಯುವುದಿಲ್ಲ!

ಮತ್ತೆ ಒಂದು ಕಾವಲು ಬೇಕು. ಒಂದು ಪವರ್ ಸಪ್ಲೈ ಒಳಗೇ ಸುಟ್ಟು ಶಾರ್ಟ್ ಆದರೆ, ಒಳ್ಳೆಯದರ ಕರೆಂಟು ಕೆಟ್ಟದ್ದರೊಳಗೆ ನುಗ್ಗಬಾರದು. ಅದಕ್ಕೆ ಪ್ರತಿಯೊಂದರ ಬಾಯಿಗೂ ಡಯೋಡ್ ಇಟ್ಟರು. ಬೋರ್‌ವೆಲ್ಲಿನ ಪೈಪಿಗೆ ನೀರು ಹಿಂದೆ ಹೋಗದಂತೆ ವಾಲ್ವ್ ಇರುತ್ತದಲ್ಲ, ಅದೇ ಕೆಲಸ. ಡಯೋಡಿನಲ್ಲಿ ಅರ್ಧ ವೋಲ್ಟಿನಷ್ಟು ಬಿಸಿಯಾಗಿ ಪೋಲಾಗುತ್ತಿತ್ತು, 50 ಆಂಪಿಯರಿಗೆ 25 ವ್ಯಾಟ್. ಆದ್ದರಿಂದ ಈಗ ಅದರ ಜಾಗದಲ್ಲಿ ಮಾಸ್‌ಫೆಟ್ ಎಂಬ ಸ್ವಿಚ್ಚುಗಳನ್ನು ಹಾಕುತ್ತಾರೆ. ಎಡಿಸನ್ನರ ಜಂಬೋಗಳಿಗೆ ಇಲ್ಲದ ಕಾವಲು ಇದು.

ಹಸಿರು ದೀಪ ಹೇಳದ ಮಾತು

"ಹಂಗಾದ್ರ ಎರಡು ಇದ್ರ ಸರ್ವರ್ ಯಾಕ ಡೌನ್ ಆಗ್ತದೋ?" ಅಂತ ಕೇಳಿದೆ. ಹುಡುಗ ನಕ್ಕ. "ಸರ್, ಮಂದಿ ಎಲ್ಲಿ ತಪ್ತಾರ ಅಂದ್ರ, ಅರ್ಧ ಖಾಲಿ ಅದ ಅಂತ ತುಂಬಕೋತ ಹೋಗ್ತಾರ್ರೀ."

ಅವನು ಹೇಳಿದ ಲೆಕ್ಕ ಹೀಗಿದೆ. 750 ವ್ಯಾಟಿನ ಎರಡು ಪವರ್ ಸಪ್ಲೈ. ಸರ್ವರಿಗೆ ಬೇಕಾದದ್ದು 600 ವ್ಯಾಟ್. ಒಂದೊಂದಕ್ಕೆ 300. ಒಂದು ಕೆಟ್ಟರೆ ಇನ್ನೊಂದು 600 ಹೊರುತ್ತದೆ, ಸಾಕು. ಮುಂದೆ ಡಿಸ್ಕು ಸೇರಿಸಿದರು, ಕಾರ್ಡು ಸೇರಿಸಿದರು, 900 ವ್ಯಾಟ್ ಆಯಿತು. ಒಂದೊಂದಕ್ಕೆ 450. ಎರಡೂ ಹಸಿರು ದೀಪ ಉರಿಯುತ್ತಲೇ ಇವೆ. ನೋಡಿದವರಿಗೆ ಎಲ್ಲ ಸರಿ ಇದೆ. ಆದರೆ ಒಂದು ಕೆಟ್ಟ ದಿನ ಇನ್ನೊಂದರ ಮೇಲೆ 900 ಬೀಳುತ್ತದೆ, ಅದೂ ಬೀಳುತ್ತದೆ. ಅಂದರೆ ಅಲ್ಲಿ ಎರಡು ಇದ್ದಂತೆ ಕಾಣುತ್ತದೆ, ಜೋಡಿ ಎಂಬುದು ಎಂದೋ ಹೋಗಿಬಿಟ್ಟಿದೆ. ಎರಡೂ ವಾಯರನ್ನು ಒಂದೇ ಬೋರ್ಡಿಗೆ ಸಿಕ್ಕಿಸುವವರೂ ಇದ್ದಾರಂತೆ. ಬೋರ್ಡೇ ಹೋದರೆ ಎರಡಿದ್ದೂ ಏನು ಪ್ರಯೋಜನ?

ಇದು ಬರೀ ಪೆಟ್ಟಿಗೆಯ ಮಾತಲ್ಲ. 2012ರ ಜುಲೈ 30 ಮತ್ತು 31ರಂದು ಭಾರತದಲ್ಲಿ ಆದ ಕತ್ತಲೆಯನ್ನು ನೆನೆಸಿಕೊಳ್ಳಿ. ಮೊದಲ ದಿನ ನಸುಕಿಗೆ ಉತ್ತರ ವಲಯ, ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ವಲಯ ಮಲಗಿದವು. 60 ಕೋಟಿಗೂ ಮಿಕ್ಕಿ ಜನ ವಾಸಿಸುವ ಪ್ರದೇಶ ಅದು. ಬೀನಾ–ಗ್ವಾಲಿಯರ್–ಆಗ್ರಾ ನಡುವಿನ 400 ಕೆ.ವಿ. ಮಾರ್ಗದಲ್ಲಿ ಜೋಡಿ ಲೈನುಗಳಿದ್ದವು. ಮೇಲ್ದರ್ಜೆಗೆ ಏರಿಸಲೆಂದು ಒಂದನ್ನು ನಿಲ್ಲಿಸಿದ್ದರು. ಇತರ ಕೆಲವು ಲೈನುಗಳೂ ಬಂದ್ ಇದ್ದವು. ಅತ್ತ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಉಳಿದ ಒಂದರ ಮೇಲೆ ಭಾರ ಬಿದ್ದು ಅದು ಟ್ರಿಪ್ ಆಯಿತು. ಅಲ್ಲಿಂದ ಒಂದರ ಹಿಂದೆ ಒಂದು...

ಆಗ ದಕ್ಷಿಣ ಭಾರತಕ್ಕೆ ಏನೂ ಆಗಲಿಲ್ಲ. ಏಕೆಂದರೆ ದಕ್ಷಿಣದ ಜಾಲವು ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಇರಲಿಲ್ಲ, ಡಿ.ಸಿ. ಕೊಂಡಿಗಳ ಮೂಲಕ ಮಾತ್ರ ಸೇರಿತ್ತು. ಆ ತಾಳ ಕೂಡಿದ್ದು 2013ರ ಡಿಸೆಂಬರ್ 31ರಂದು. ಎಲ್ಲಿ ಗೊತ್ತೇ? ನಮ್ಮ ಸೊಲ್ಲಾಪುರದಲ್ಲಿ! ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನು ಅಂದು ದಕ್ಷಿಣವನ್ನು ಉಳಿದ ಭಾರತಕ್ಕೆ ಜೋಡಿಸಿ, ಇಡೀ ದೇಶ ಒಂದೇ 50 ಹರ್ಟ್ಸ್ ತಾಳಕ್ಕೆ ಬಂತು. ರಾಜ್ಯದ ಗಡಿ ನಮ್ಮ ಮಾತನ್ನು ಎರಡು ಕಡೆಗೆ ಮಾಡಿದ್ದರೂ, ಕರೆಂಟು ಇದೇ ಗಡಿಯನ್ನು ದಾಟಿ ದೇಶವನ್ನು ಒಂದು ಮಾಡಿದ್ದು ನನಗೆ ಸಂತೋಷದ ವಿಷಯ. ಮುಂದೆ 2014ರಲ್ಲಿ ಅದರ ಪಕ್ಕಕ್ಕೆ ಎರಡನೆಯ ಲೈನೂ ಬಂತು. ಒಂದಕ್ಕೆ ಜೊತೆ ಇನ್ನೊಂದು.

ಹೆಚ್ಚುವರಿ ಎಂಬ ಪದ

ಎರಡನೆಯ ಪವರ್ ಸಪ್ಲೈಗೆ ಇಂಗ್ಲಿಷಿನಲ್ಲಿ "ರಿಡಂಡೆಂಟ್" ಎನ್ನುತ್ತಾರೆ. ಡಿಕ್ಷನರಿ ತೆಗೆದು ನೋಡಿದೆ, ಹೆಚ್ಚುವರಿ, ಬೇಡವಾದದ್ದು ಎಂದಿದೆ. ನಮ್ಮ ಕಡೆಯ ಶಾಲಾ ಕಾಗದಪತ್ರಗಳಲ್ಲಿ ಅದಕ್ಕೆ ಸರಿಯಾದ ಮರಾಠಿ ಪದ "ಅತಿರಿಕ್ತ". ಗಡಿಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಪದ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಪಟದಲ್ಲಿ ಮಕ್ಕಳ ಸಂಖ್ಯೆ ಇಳಿಯಿತೆಂದರೆ ಎರಡನೆಯ ಶಿಕ್ಷಕ ಅತಿರಿಕ್ತ, ಬೇರೆ ಶಾಲೆಗೆ ನಡೆ.

ನಮ್ಮದು ಇಬ್ಬರು ಶಿಕ್ಷಕರ ಶಾಲೆ. ನಾನು ಎರಡು ತರಗತಿ, ಅಕ್ಕೋರು ಎರಡು ತರಗತಿ. ಕಾಗದದ ಮೇಲೆ ನೋಡಿದವರಿಗೆ ಇಬ್ಬರಿಗೂ ಅರ್ಧರ್ಧ ಕೆಲಸ ಎನಿಸಬಹುದು. ಆದರೆ ಚುನಾವಣೆಯ ಕೆಲಸಕ್ಕೆ ನನ್ನನ್ನು ಕರೆದ ದಿನ ನಾಲ್ಕೂ ತರಗತಿಯನ್ನು ಅಕ್ಕೋರು ಹೊರುತ್ತಾರೆ. ಅವರ ಮಗುವಿಗೆ ಜ್ವರ ಬಂದ ದಿನ ನಾನು ಹೊರುತ್ತೇನೆ. ಶಾಲೆಗೆ ಬೀಗ ಬೀಳುವುದಿಲ್ಲ. ಆ ಅರ್ಧ ಖಾಲಿ ಎಂಬುದು ಪೋಲಲ್ಲ, ಬೀಗ ಬೀಳದ ಹಾಗೆ ಕಾಯುವ ಶಕ್ತಿ ಅದು. ಪವರ್ ಸಪ್ಲೈಯಲ್ಲೂ ಅರ್ಧ ಹೊರೆಯಲ್ಲೇ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. "80 ಪ್ಲಸ್ ಟೈಟೇನಿಯಂ" ಎಂಬ ದರ್ಜೆ ಪಡೆಯಬೇಕಾದರೆ 230 ವೋಲ್ಟಿನ ಸರ್ವರ್ ಸಪ್ಲೈಗೆ ಅರ್ಧ ಹೊರೆಯಲ್ಲಿ ಶೇ. 96 ದಕ್ಷತೆ ಬೇಕು, ಪೂರ್ತಿ ಹೊರೆಯಲ್ಲಿ ಶೇ. 91 ಸಾಕು. ಹೊರೆ ತೀರ ಕಡಿಮೆಯಾದರೂ ದಕ್ಷತೆ ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಅದಕ್ಕೇ ಕೆಲವು ಸರ್ವರುಗಳು ಕೆಲಸ ಕಡಿಮೆ ಇದ್ದಾಗ ಒಂದನ್ನು ನಿದ್ರೆಗೆ ಕಳಿಸುತ್ತವೆ. ಆದರೆ ಕಿತ್ತು ಬಿಸಾಡುವುದಿಲ್ಲ. ಕರೆದ ಕ್ಷಣಕ್ಕೆ ಏಳುವ ಹಾಗೆ ಜಾಗದಲ್ಲೇ ಇಟ್ಟಿರುತ್ತವೆ.

ಊರಿಗೆ ಬಂದವನೇ ಮಕ್ಕಳಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದೆ. ಒಂದು ಬಡಿಗೆಗೆ ನೀರಿನ ಬಕೆಟ್ ತೂಗುಹಾಕಿ, ಎರಡು ತುದಿಗೆ ಇಬ್ಬರು ಹುಡುಗರನ್ನು ನಿಲ್ಲಿಸಿದೆ. ಬಕೆಟ್ ಒಬ್ಬನ ಕಡೆ ಜಾರಿದರೆ ಅವನಿಗೆ ಭಾರ. ನಡುವೆ ಇದ್ದರೆ ಇಬ್ಬರಿಗೂ ಹಗುರ. ಆಮೇಲೆ ಕೇಳಿದೆ, "ಬಕೆಟ್ಟಿನಾಗ ಎಷ್ಟು ನೀರು ಹಾಕಬೇಕು?" ಎಲ್ಲರೂ "ತುಂಬ!" ಎಂದರು. ಮೂರನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಸರ್, ಒಬ್ಬಾಂವ ಬಿಟ್ಟು ಓಡಿದ್ರ ಇನ್ನೊಬ್ಬಾಂವ ಒಬ್ಬನ ಎತ್ತಬೇಕಲ್ರೀ, ಅಷ್ಟು."

ನಾನು ಪುಣೆಯ ತನಕ ಹೋಗಿ ಕಲಿತದ್ದು ಇಷ್ಟೇ. ನಿಮ್ಮ ಶಾಲೆಯಲ್ಲೂ ಮಾಡಿಸಿ ನೋಡಿ, ಮಕ್ಕಳು ಏನು ಹೇಳಿದರೆಂದು ಬರೆಯಿರಿ.